ಸಸಿ ಹೊರಗೆ ನೆಡೋದು ಸಂಕ್ರಾಂತಿಗೋ, ಶಿವರಾತ್ರಿಗೋ, ಯುಗಾದಿಗೋ? ಮಲೆನಾಡಿನ ಹಿತ್ತಲಿನ ಲೆಕ್ಕ

ನಮ್ಮಕ್ಕ ಇರೋದು ಶಿವಮೊಗ್ಗದ ವಿನೋಬನಗರದಲ್ಲಿ, ತಾರಸಿ ಮೇಲೆ ಗ್ರೋ ಬ್ಯಾಗ್ ಇಟ್ಕೊಂಡು ತರಕಾರಿ ಬೆಳೀತಾಳೆ. ನಾವಿರೋದು ಹೊಸನಗರದ ಕಡೆ, ಮನೆ ಹಿಂದೆ ಹಿತ್ತಲು, ಅದರ ಕೆಳಗೆ ಅಡಿಕೆ ತೋಟ. ಪ್ರತಿ ವರ್ಷ ಒಂದೇ ಪ್ಯಾಕೆಟ್ ಬೀಜ ತಂದು ಅರ್ಧರ್ಧ ಹಂಚ್ಕೊಳ್ತೀವಿ, ಆದ್ರೆ ಸಸಿ ಹೊರಗೆ ನೆಡೋ ದಿನ ಮಾತ್ರ ಈಗ ಇಬ್ಬರದ್ದೂ ಬೇರೆ ಬೇರೆ. ಮುಂಚೆ ಹಂಗಿರ್ಲಿಲ್ಲ, 2024ರಲ್ಲಿ ಶಿವರಾತ್ರಿ ಮುಗಿದ ಮೇಲೆ ನೆಡೋಣ ಅಂತ ಫೋನಲ್ಲೇ ಮಾತಾಡ್ಕೊಂಡು ಇಬ್ಬರೂ ಒಂದೇ ದಿನ ಟೊಮೆಟೊ ಸಸಿ ಇಟ್ವಿ. ಅವಳ ಗಿಡ ಏಪ್ರಿಲಲ್ಲಿ ತುಂಬಾ ಹೂ ಬಿಡ್ತು, ಹೂವೆಲ್ಲ ತೊಟ್ಟು ಸಮೇತ ಉದುರಿ ತಾರಸಿ ಮೇಲೆ ಹಳದಿ ಪುಡಿ ಚೆಲ್ಲಿದ ಹಂಗೆ ಬಿದ್ದಿರೋದು, ಕಾಯಿ ಬೆರಳೆಣಿಕೆ. ನಮ್ಮದರಲ್ಲಿ ಕಾಯಿ ಏನೋ ಚೆನ್ನಾಗೇ ನಿಲ್ತು, ಆದ್ರೆ ಕೆಂಪಾಗೋ ಹೊತ್ತಿಗೆ ಮೇ ತಿಂಗಳ ಮಳೆ ಶುರುವಾಗಿ ಹಣ್ಣು ಸೀಳು ಬಿಡ್ತು, ಜೂನಲ್ಲಿ ಗಿಡನೇ ಕೊಳೆತು ನೆಲಕ್ಕೆ ಒರಗ್ತು. ಬೀಜ ಒಂದೇ, ನೆಟ್ಟ ದಿನ ಒಂದೇ, ಇಬ್ಬರಿಗೂ ನಷ್ಟ ಆಗಿದ್ದು ಮಾತ್ರ ಬೇರೆ ಬೇರೆ ಕಾರಣಕ್ಕೆ. ಅವತ್ತಿಂದ ನಾನು ಇದನ್ನ ಸೀರಿಯಸ್ಸಾಗಿ ಬರೆದಿಟ್ಕೊಳ್ಳೋಕೆ ಶುರು ಮಾಡಿದ್ದು.

ಯೂಟ್ಯೂಬಲ್ಲಿ ಸಸಿ ಹೊರಗಿಡೋ ಬಗ್ಗೆ ಹುಡುಕಿದ್ರೆ ಬರೋ ವಿಡಿಯೋ ಎಲ್ಲ ಹೆಚ್ಚಾಗಿ ಹೊರದೇಶದ್ದು, ಅಲ್ಲಿ ಹಿಮ ಬೀಳೋದು ನಿಂತ ಮೇಲೆ ಇಷ್ಟು ವಾರ ಬಿಟ್ಟು ನೆಡಿ ಅಂತಾರೆ. ಅವರಿಗೆ ಅದು ಸರಿ, ಒಂದು ರಾತ್ರಿ ಹಿಮ ಬಿದ್ರೂ ಟೊಮೆಟೊ, ಮೆಣಸು (ಮೆಣಸಿನಕಾಯಿ ಗಿಡ), ಬದನೆ ಕಪ್ಪಾಗಿ ಸತ್ತೋಗತ್ತೆ. ನಮ್ಮಲ್ಲಿ ಆ ಭಯ ಇಲ್ಲ. ಜನವರಿಯಲ್ಲಿ ಸಾಗರ, ತೀರ್ಥಹಳ್ಳಿ ಕಡೆ ರಾತ್ರಿ 13-14 ಡಿಗ್ರಿಗೆ ಇಳಿಯೋದುಂಟು, ಅದಕ್ಕೆ ಸಸಿ ಸಾಯಲ್ಲ, ಬೆಳವಣಿಗೆ ಸ್ವಲ್ಪ ಮಂಕಾಗತ್ತೆ ಅಷ್ಟೆ. ನಮಗೆ ತೊಂದ್ರೆ ಇರೋದು ಮುಂದಿನ ಕಡೆಯಿಂದ. ಮಾರ್ಚ್-ಏಪ್ರಿಲ್ ಬಿಸಿಲು ಒಂದು, ಬಾವಿ ತಳ ಕಾಣೋದು ಒಂದು, ಆಮೇಲೆ ಜೂನ್ ಮೊದಲ ವಾರ ಹಿಡಿಯೋ ಮಳೆ. ಅದಕ್ಕೆ ನಾವು ಚಳಿಯಿಂದ ಮುಂದಕ್ಕೆ ಎಣಿಸೋದಲ್ಲ, ಮಳೆಗಾಲದಿಂದ ಹಿಂದಕ್ಕೆ ಎಣಿಸ್ಬೇಕು. ಮೃಗಶಿರ ಮಳೆ ಕೂಡೋದು ಜೂನ್ 7-8ಕ್ಕೆ. ಆ ದಿನಕ್ಕೆ ನಿಮ್ಮ ಗಿಡ ಕೊಯ್ಲು ಮುಗಿಸಿರ್ಬೇಕಾ, ಇಲ್ಲ ಬೇರು ಬಿಟ್ಟು ಗಟ್ಟಿಯಾಗಿ ನಿಂತಿರ್ಬೇಕಾ, ಅದನ್ನ ಮೊದ್ಲು ತೀರ್ಮಾನ ಮಾಡ್ಕೊಳ್ಳಿ. ನೆಡೋ ದಿನ ತಾನಾಗೇ ಸಿಗತ್ತೆ.

ಇನ್ನೊಂದು ವಿಷ್ಯ, ಹಬ್ಬ ನೋಡ್ಕೊಂಡು ನೆಡೋರು ಇದನ್ನ ಗಮನಿಸಿ. ಸಂಕ್ರಾಂತಿ ಪ್ರತಿ ವರ್ಷ ಜನವರಿ 14-15ಕ್ಕೇ ಬರತ್ತೆ, ಮಳೆ ನಕ್ಷತ್ರಗಳೂ ಅಷ್ಟೆ, ಸೂರ್ಯನ ಲೆಕ್ಕ ಆಗಿರೋದ್ರಿಂದ ಒಂದು ದಿನ ಆಚೀಚೆ ಬಿಟ್ರೆ ಜಾಗ ಬದ್ಲಾಗಲ್ಲ. ಶಿವರಾತ್ರಿ, ಯುಗಾದಿ ಹಂಗಲ್ಲ, ಚಂದ್ರನ ಲೆಕ್ಕ. ಶಿವರಾತ್ರಿ 2024ರಲ್ಲಿ ಮಾರ್ಚ್ 8ಕ್ಕೆ ಬಂತು, 2026ರಲ್ಲಿ ಫೆಬ್ರವರಿ 15ಕ್ಕೆ. ಯುಗಾದಿ 2024ರಲ್ಲಿ ಏಪ್ರಿಲ್ 9, 2026ರಲ್ಲಿ ಮಾರ್ಚ್ 19. ಮೂರು ವಾರದ ವ್ಯತ್ಯಾಸ ಅಂದ್ರೆ ಟೊಮೆಟೊಗೆ ಸಣ್ಣದಲ್ಲ. ನಾನು ಹಬ್ಬದ ಹೆಸರು ಹೇಳ್ತಿರೋದು ಬಾಯಲ್ಲಿ ರೂಢಿ ಇದೆ ಅಂತ, ನೆಡುವಾಗ ಮಾತ್ರ ಗೋಡೆ ಮೇಲಿನ ಕ್ಯಾಲೆಂಡರಲ್ಲಿ ತಾರೀಖು ನೋಡಿ.

ಸಂಕ್ರಾಂತಿ ಆದ ಮೇಲೆ, ಜನವರಿ ಕೊನೆಯೊಳಗೆ

ಟೊಮೆಟೊಗೆ ಇದೇ ಸರಿಯಾದ ಕಾಲ ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಲೆಕ್ಕ ನೋಡಿ, ಸಸಿ ನೆಟ್ಟು 60-70 ದಿನಕ್ಕೆ ಮೊದಲ ಹಣ್ಣು, ಅಲ್ಲಿಂದ ಒಂದು ಒಂದೂವರೆ ತಿಂಗಳು ಕೊಯ್ಲು. ಒಟ್ಟು 110 ದಿನ ಅಂತಿಟ್ಕೊಂಡು ಜೂನ್ 1ರಿಂದ ಹಿಂದಕ್ಕೆ ಎಣಿಸಿದ್ರೆ ಫೆಬ್ರವರಿ 10ರ ಹತ್ರ ಬರತ್ತೆ, ಆದ್ರೆ ಮೇ ತಿಂಗಳಲ್ಲೇ ಗುಡುಗು ಮಳೆ, ಕೆಲವು ವರ್ಷ ಆಲಿಕಲ್ಲು ಎಲ್ಲ ಬರೋದ್ರಿಂದ ಇನ್ನೊಂದು ಎರಡು ವಾರ ಮುಂಚೆ ಹೋಗೋದು ಒಳ್ಳೇದು. ಅಲ್ಲಿಗೆ ಜನವರಿ ಕೊನೆ ವಾರ. ಹೂ ಬಿಡೋದು ಫೆಬ್ರವರಿ ಕೊನೆಗೆ, ಆಗ ಹಗಲು ಬಿಸಿ ಇದ್ರೂ ರಾತ್ರಿ ತಂಪಿರತ್ತೆ. ಇದು ಮುಖ್ಯ ಯಾಕಂದ್ರೆ ಹಗಲು 35 ಡಿಗ್ರಿ ದಾಟಿ, ರಾತ್ರಿನೂ 22-24ರ ಕೆಳಗೆ ಇಳೀದೆ ಇದ್ರೆ ಟೊಮೆಟೊ ಹೂವಲ್ಲಿ ಪರಾಗ ಕೆಲಸ ಮಾಡಲ್ಲ, ಕಾಯಿ ಕಚ್ಚಲ್ಲ, ಹೂ ಉದುರಿ ಹೋಗತ್ತೆ. ಅಕ್ಕನ ತಾರಸಿಯಲ್ಲಿ ಆಗಿದ್ದು ಅದೇ. ಗೊಬ್ಬರ ಕಮ್ಮಿ ಆಯ್ತು ಅಂತ ಅವಳು ಹಾಕಿದ್ದೇ ಹಾಕಿದ್ದು, ಅದು ಗೊಬ್ಬರದ ತೊಂದ್ರೆನೇ ಅಲ್ಲ.

ಬೇಗ ನೆಡೋದ್ರಿಂದ ಇನ್ನೊಂದು ಲಾಭ ಇದೆ. ಬಿಸಿಲು ಏರಿದ ಹಂಗೆ ಬಿಳಿ ನೊಣ ಜಾಸ್ತಿ ಆಗತ್ತೆ, ಎಲೆ ಮುಟುರು ರೋಗ ತರೋದು ಅದೇ. ಎಳೆ ಸಸಿಗೆ ಬಂದ್ರೆ ಗಿಡ ಅಲ್ಲಿಗೇ ಕುಂಟಾಗಿ ನಿಲ್ಲತ್ತೆ, ಬೆಳೆದ ಗಿಡಕ್ಕೆ ಬಂದ್ರೆ ಅಷ್ಟು ಹೊತ್ತಿಗೆ ಒಂದಿಷ್ಟು ಕಾಯಿ ಕೈಗೆ ಬಂದಿರತ್ತೆ. ಮೈನಸ್ ಪಾಯಿಂಟ್ ಅಂದ್ರೆ ಇಬ್ಬನಿ. ನಮ್ಮ ಕಡೆ ಜನವರಿಯಲ್ಲಿ ಒಂಬತ್ತು ಗಂಟೆವರೆಗೂ ಎಲೆ ಒದ್ದೆ ಇರತ್ತೆ, ಕೆಳಗಿನ ಎಲೆಗೆ ಕಪ್ಪು ಚುಕ್ಕೆ ಬೀಳೋಕೆ ಶುರುವಾಗತ್ತೆ. ಅದಕ್ಕೆ ತೋಟದ ನೆರಳು ಬೀಳೋ ಕಡೆ ಬೇಡ, ಬೆಳಗಿನ ಬಿಸಿಲು ಮೊದ್ಲು ಬೀಳೋ ಜಾಗದಲ್ಲಿ ನೆಡಿ, ನೀರು ಬುಡಕ್ಕೆ ಮಾತ್ರ ಹಾಕಿ, ನೆಲ ತಾಗೋ ಎಲೆ ಕಿತ್ತು ಬಿಡಿ.

ಜನವರಿ ಕೊನೆಗೆ ಸಸಿ ನೆಡ್ಬೇಕಂದ್ರೆ ಬೀಜ ಯಾವಾಗ ಹಾಕ್ಬೇಕು ಅಂದ್ರೆ, ಟೊಮೆಟೊಗೆ 25-30 ದಿನದ ಸಸಿ ಸಾಕು, ಹೊಸ ವರ್ಷದ ಹೊತ್ತಿಗೆ ಹಾಕಿ. ಬದನೆಗೆ ನಾಕೈದು ವಾರ ಬೇಕು. ಮೆಣಸು ಬಹಳ ನಿಧಾನ, 35-45 ದಿನ, ಹಂಗಾಗಿ ಧನುರ್ಮಾಸ ಶುರುವಾಗೋ ದಿನವೇ, ಅಂದ್ರೆ ಡಿಸೆಂಬರ್ 16ರ ಹತ್ರ, ಮೆಣಸಿನ ಬೀಜ ಟ್ರೇಗೆ ಬಿದ್ದಿರ್ಬೇಕು. ಚಳಿಗೆ ಮೊಳಕೆ ತಡ ಆಗತ್ತೆ, ನಾವು ಟ್ರೇನ ಬಚ್ಚಲೊಲೆ ಪಕ್ಕದ ಗೋಡೆಗೆ ಇಡ್ತೀವಿ, ಮೊಳಕೆ ಕಂಡ ತಕ್ಷಣ ಬೆಳಕಿಗೆ ತರ್ಬೇಕು, ಇಲ್ಲಾಂದ್ರೆ ಸಸಿ ಉದ್ದಕ್ಕೆ ಬಿಳಿಚಿಕೊಂಡು ಬಗ್ಗತ್ತೆ.

ಶಿವರಾತ್ರಿ ಹೊತ್ತಿಗೆ

ಚಳಿ ಶಿವ ಶಿವಾ ಅಂತ ಓಡಿ ಹೋಗತ್ತೆ ಅಂತಾರಲ್ಲ, ಮೆಣಸಿಗೆ ಬದನೆಗೆ ಅದು ನಿಜವಾಗ್ಲೂ ಒಳ್ಳೆ ಸುದ್ದಿ. 15 ಡಿಗ್ರಿಗಿಂತ ಕೆಳಗೆ ಇದ್ರೆ ಮೆಣಸಿನ ಸಸಿ ಮುನಿಸ್ಕೊಂಡು ಕೂರತ್ತೆ, ಜನವರಿ ಮಧ್ಯದಲ್ಲಿ ನೆಟ್ಟಿದ್ದೂ ಫೆಬ್ರವರಿ ಮಧ್ಯದಲ್ಲಿ ನೆಟ್ಟಿದ್ದೂ ಮಾರ್ಚ್ ಕೊನೆಗೆ ಒಂದೇ ಎತ್ತರ ಇರೋದನ್ನ ನಾನು ನಮ್ಮ ಹಿತ್ತಲಲ್ಲೇ ನೋಡಿದೀನಿ. ಹಂಗಾಗಿ ಮೆಣಸು, ಬದನೆಗೆ ಫೆಬ್ರವರಿ ಎರಡನೇ ವಾರ ಸಾಕು, ಅವಸರ ಬೇಡ. ಇವೆರಡೂ ಟೊಮೆಟೊ ಹಂಗೆ ಮಳೆಗಾಲದೊಳಗೆ ಮುಗೀಲೇಬೇಕು ಅಂತಿಲ್ಲ, ಏರು ಮಡಿ ಮೇಲೆ ಇದ್ದು ನೀರು ನಿಲ್ದೇ ಇದ್ರೆ ಬದನೆ ಮಳೆಗಾಲ ಕಳೆದು ಮತ್ತೆ ಚಿಗುರತ್ತೆ. ನಮ್ಮತ್ತೆ ಜೂನಲ್ಲಿ ಬದನೆ ಗಿಡ ಮೊಣಕಾಲುದ್ದ ಬಿಟ್ಟು ಕಡಿದು ಹಾಕ್ತಾರೆ, ನವರಾತ್ರಿ ಹೊತ್ತಿಗೆ ಹೊಸ ಗೆಲ್ಲಲ್ಲಿ ಕಾಯಿ. ಸೂಜಿ ಮೆಣಸಿಗಂತೂ ಈ ಲೆಕ್ಕ ಯಾವ್ದೂ ಬೇಡ, ಹಕ್ಕಿ ಹಾಕಿದ ಬೀಜ ತೋಟದ ಮೂಲೆಯಲ್ಲಿ ತಾನೇ ಹುಟ್ಟಿ ವರ್ಷಗಟ್ಟಲೆ ಇರತ್ತೆ.

ಶಿವರಾತ್ರಿಗೆ ಟೊಮೆಟೊ ನೆಡೋದು ನಿಮ್ಮ ಜಾಗದ ಮೇಲೆ ನಿಂತಿದೆ. ಹಬ್ಬ ಫೆಬ್ರವರಿ ಮಧ್ಯಕ್ಕೆ ಬಂದ ವರ್ಷ, ನಿಮ್ಮದು ಘಟ್ಟದ ಕಡೆ ರಾತ್ರಿ ತಂಪಿರೋ ಊರು ಅಂದ್ರೆ, ಒಂದು ಚಾನ್ಸ್ ತಗೋಬಹುದು. ಶಿವಮೊಗ್ಗ, ಭದ್ರಾವತಿ ಕಡೆ ಬೇಡ, ಪೇಟೆ ತಾರಸಿ ಮೇಲಂತೂ ಬೇಡವೇ ಬೇಡ. ಕಾಂಕ್ರೀಟು ಹಗಲೆಲ್ಲ ಕಾದು ರಾತ್ರಿ ಅದೇ ಕಾವನ್ನ ಗಿಡಕ್ಕೆ ವಾಪಸ್ ಕೊಡತ್ತೆ, ಕಪ್ಪು ಗ್ರೋ ಬ್ಯಾಗಲ್ಲಿ ಬೇರೇ ಬೆಂದ ಹಂಗಾಗತ್ತೆ. ಬ್ಯಾಗ್ ಬಿಳಿದು ತಗೊಳ್ಳಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ ಇಡಿ.

ಯುಗಾದಿ

ಯುಗಾದಿಗೆ ಸಸಿ ನೆಡೋ ಬದ್ಲು ಬೀಜನೇ ನೇರ ಹಾಕೋ ತರಕಾರಿ ಆರಿಸ್ಕೊಳ್ಳಿ ಅನ್ನೋದು ನನ್ನ ಅಭಿಪ್ರಾಯ. ಸೌತೆ 40-45 ದಿನಕ್ಕೆ ಕಾಯಿ, ಬೆಂಡೆ 45-50, ಹಾಗಲ ಎರಡು ತಿಂಗಳು, ಹರಿವೆ ಒಂದೇ ತಿಂಗಳು. ಎಲ್ಲವೂ ಬಿಸಿಲು ಇಷ್ಟಪಡೋವು, ಮಳೆಗಿಂತ ಮುಂಚೆ ಕೈಗೆ ಸಿಗೋವು. ಬೆಂಡೆ, ಬೀನ್ಸ್, ಅಲಸಂದೆಗೆ ಟ್ರೇನೇ ಬೇಡ, ಬೆಂಡೆ ತಾಯಿ ಬೇರು ಒಂದ್ಸಲ ಅಲ್ಲಾಡಿದ್ರೆ ಸುಧಾರಿಸ್ಕೊಳ್ಳೋದು ಕಷ್ಟ. ಸೌತೆ, ಹೀರೆ, ಹಾಗಲ ಟ್ರೇಲಿ ಹಾಕೋದಾದ್ರೆ 12-15 ದಿನ, ಎರಡು ಮೂರು ಎಲೆ ಬಂದ ಕೂಡ್ಲೆ ಮಣ್ಣಿನ ಹೆಂಟೆ ಒಡೀದೆ ಇಡ್ಬೇಕು, ಅದಕ್ಕಿಂತ ದೊಡ್ಡದಾದ್ರೆ ಬಳ್ಳಿ ಮುನ್ನುಗ್ಗಲ್ಲ. ಗದ್ದೆ ಕೊಯ್ಲಾಗಿ ಕೆಳಗೆ ಇನ್ನೂ ತೇವ ಇದ್ರೆ ಅಲ್ಲಿ ಸೌತೆ ಹಾಕೋದು ನಮ್ಮ ಹಿರೀರು ಕಂಡುಕೊಂಡ ಉಪಾಯ, ಆದ್ರೆ ಅದು ಯುಗಾದಿಗಿಂತ ಮುಂಚೆ, ಜನವರಿ-ಫೆಬ್ರವರಿಯಲ್ಲೇ ಆಗ್ಬೇಕು, ಆಮೇಲೆ ಗದ್ದೆ ಬಿರುಕು ಬಿಡತ್ತೆ.

ಮಾರ್ಚ್ ಕೊನೆಗೆ ಟೊಮೆಟೊ, ಮೆಣಸಿನ ಸಸಿ ನರ್ಸರಿಯಲ್ಲಿ ಎಷ್ಟು ಚೆಂದ ಕಂಡ್ರೂ ಆಸೆ ಬೀಳ್ಬೇಡಿ. ಬಾವಿಯಲ್ಲಿ ನೀರೆಷ್ಟಿದೆ ಅಂತ ಮೊದ್ಲು ಇಣುಕಿ ನೋಡಿ, ಹೊಸ ಸಸಿಗೆ ಆ ಬಿಸಿಲಲ್ಲಿ ದಿನಕ್ಕೆರಡು ಸಲ ನೀರು ಬೇಕು, ಅಷ್ಟು ಮಳೆ ಬೀಳೋ ನಮ್ಮ ಸೀಮೆಯಲ್ಲೇ ಏಪ್ರಿಲಲ್ಲಿ ಕೊಡ ಹಿಡ್ಕೊಂಡು ಓಡಾಡೋ ಮನೆಗಳಿವೆ.

ಭರಣಿ, ಕೃತ್ತಿಕೆ ಮಳೆ ಕಾಯೋದು

ಭರಣಿ ಮಳೆಗೆ ಧರಣಿಯೆಲ್ಲ ಬೆಳೆ ಅಂತಾರೆ, ಏಪ್ರಿಲ್ 27ರ ಹತ್ರ ಶುರುವಾಗಿ ಎರಡು ವಾರ, ಆಮೇಲೆ ಕೃತ್ತಿಕೆ, ಮೇ 25ಕ್ಕೆ ರೋಹಿಣಿ. ಬೇಸಿಗೆಗೆ ನೆಡೋಕೆ ಆಗ್ಲಿಲ್ಲ ಅನ್ನೋರಿಗೆ ಇದು ನಿಜವಾದ ಎರಡನೇ ಅವಕಾಶ. ಮೇ ಎರಡನೇ ವಾರ, ಒಂದೆರಡು ಹದ ಮಳೆ ಬಿದ್ದ ಮೇಲೆ ಬದನೆ, ಮೆಣಸಿನ ಸಸಿ ಏರು ಮಡಿಗೆ ಇಟ್ರೆ ಜೂನ್ ಹೊತ್ತಿಗೆ ಬೇರು ಇಳಿದಿರತ್ತೆ. ಹೀರೆ, ಪಡವಲ, ಸೌತೆ ಬೀಜ ರೋಹಿಣಿಗೆ ಹಾಕಿ ಚಪ್ಪರಕ್ಕೆ ಹಬ್ಬಿಸೋದು ಮಲೆನಾಡಿನ ಹಳೇ ಪದ್ಧತಿ, ಅದನ್ನ ಬಿಡೋಕೆ ಕಾರಣನೇ ಇಲ್ಲ.

ಇಲ್ಲಿ ಊರು ಊರಿಗೆ ವ್ಯತ್ಯಾಸ ಬಹಳ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ, ಅಲ್ಲಿಂದ ರಸ್ತೆಯಲ್ಲಿ ಸುಮಾರು 90 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ ಅದರ ಕಾಲು ಭಾಗನೂ ಇಲ್ಲ. ಹಂಗಾಗಿ ಅಕ್ಕ ಈಗ ತಾರಸಿ ಟೊಮೆಟೊನ ಜೂನ್ ಕೊನೆಗೆ ಇಡ್ತಾಳೆ, ಸೆಖೆ ಇಳಿದಿರತ್ತೆ, ಬ್ಯಾಗಿನ ತೂತು ಕಟ್ಟದೇ ಇದ್ರೆ ನೀರು ಹರಿದು ಹೋಗತ್ತೆ, ಒಳ್ಳೆ ಹಣ್ಣು ಬರತ್ತೆ. ಅದನ್ನ ನೋಡಿ ತೀರ್ಥಹಳ್ಳಿ ಆಚೆಯೋರು, ನಿಟ್ಟೂರು, ನಗರ (ಬಿದನೂರು) ಕಡೆಯೋರು ಜೂನಲ್ಲಿ ಟೊಮೆಟೊ ಇಟ್ರೆ ಪ್ಲಾಸ್ಟಿಕ್ ಮಾಡಿನ ಕೆಳಗಿಲ್ದೇ ಉಳಿಯಲ್ಲ. ಶಿಕಾರಿಪುರ, ಸೊರಬದ ಬಯಲು ಕಡೆ ಶಿವಮೊಗ್ಗದ ಲೆಕ್ಕನೇ ಹೆಚ್ಚು ಹೊಂದತ್ತೆ. ಕೋಸು, ಹೂಕೋಸು, ನವಿಲುಕೋಸು ಬಗ್ಗೆ ಕೇಳೋರಿಗೆ: ಅವು ಈ ಕಾಲದ್ದಲ್ಲ, ಮಳೆ ಬಿಟ್ಟ ಮೇಲೆ ದೀಪಾವಳಿ ಹೊತ್ತಿಗೆ ನೆಡಿ.

ಯಾವ ದಿನ ಆರಿಸಿದ್ರೂ ಬಿಸಿಲಿಗೆ ಅಭ್ಯಾಸ ಮಾಡಿಸ್ಲೇಬೇಕು

ನನಗೆ ಅತಿ ಹೆಚ್ಚು ಸಸಿ ಹಾಳಾಗಿದ್ದು ತಪ್ಪು ತಿಂಗಳಿಂದ ಅಲ್ಲ, ಈ ಕೆಲಸ ಬಿಟ್ಟಿದ್ದಕ್ಕೆ. ಜಗಲಿ ಮೇಲೆ, ಶೇಡ್ ನೆಟ್ ಕೆಳಗೆ ಬೆಳೆದ ಸಸಿ ಎಲೆ ಮೃದುವಾಗಿರತ್ತೆ, ಅದನ್ನ ನೇರ ಬಿಸಿಲಿಗೆ ಇಟ್ರೆ ಎರಡೇ ದಿನದಲ್ಲಿ ಎಲೆ ಬಿಳಿ ಕಾಗದ ಆಗತ್ತೆ, ನೀರು ಎಷ್ಟು ಹಾಕಿದ್ರೂ ಆ ಎಲೆ ವಾಪಸ್ ಬರಲ್ಲ. ಒಂದು ವಾರ ಹತ್ತು ದಿನ ಹಿಡಿಯತ್ತೆ ಇದು. ಮೊದಲ ದಿನ ಬೆಳಿಗ್ಗೆ ಎಂಟರ ಒಳಗಿನ ಎಳೆ ಬಿಸಿಲು ಒಂದು ಗಂಟೆ, ದಿನಾ ಅರ್ಧ ಒಂದು ಗಂಟೆ ಜಾಸ್ತಿ ಮಾಡ್ತಾ ಹೋಗಿ, ಕೊನೇ ಎರಡು ದಿನ ಇಡೀ ದಿನ ಹೊರಗೆ, ರಾತ್ರಿನೂ ಹೊರಗೆ. ನೀರು ಪೂರ್ತಿ ನಿಲ್ಲಿಸೋದಲ್ಲ, ಸ್ವಲ್ಪ ಕಮ್ಮಿ ಮಾಡೋದು, ಎಲೆ ಸ್ವಲ್ಪ ಬಾಡೋ ಹಂಗೆ ಕಂಡಾಗ ಕೊಡೋದು. ಟೊಮೆಟೊ ಕಾಂಡ ಸ್ವಲ್ಪ ನೇರಳೆ ಬಣ್ಣಕ್ಕೆ ತಿರುಗಿ, ಬೆಂಕಿಕಡ್ಡಿಗಿಂತ ದಪ್ಪ ಆಗಿ, ಟ್ರೇಯಿಂದ ಎತ್ತಿದ್ರೆ ಬೇರು ಕೋಕೋಪೀಟನ್ನ ಹಿಡ್ಕೊಂಡು ಪೂರ್ತಿ ಹೆಂಟೆ ಎದ್ದು ಬಂದ್ರೆ ರೆಡಿ ಅಂತ. ಟ್ರೇನಲ್ಲೇ ಹೂ ಬಿಟ್ಟ ಸಸಿ ಅಗ್ಗಕ್ಕೆ ಕೊಟ್ರೂ ತಗೋಬೇಡಿ, ವಯಸ್ಸಾಗಿದೆ ಅದಕ್ಕೆ.

ನೆಡೋದು ಸಂಜೆ ನಾಕೂವರೆ ಮೇಲೆ. ನೆರಳಿಗೆ ಶೇಡ್ ನೆಟ್ಟಾ ಅಡಿಕೆ ಹಾಳೆನಾ ಅಂದ್ರೆ, ನೂರಿನ್ನೂರು ಗಿಡ ಇರೋರಿಗೆ 50 ಪರ್ಸೆಂಟ್ ನೆಟ್ ಸರಿ, ಹಿತ್ತಲಿನ ಇಪ್ಪತ್ತು ಮೂವತ್ತು ಗಿಡಕ್ಕೆ ಹಾಳೆನೇ ಮೇಲು. ಹಾಳೆ ತುಂಡನ್ನ ಗಿಡದ ಪಶ್ಚಿಮಕ್ಕೆ ಸ್ವಲ್ಪ ಓರೆಯಾಗಿ ಊರಿದ್ರೆ ಮಧ್ಯಾಹ್ನದ ಮೇಲಿನ ಬಿಸಿಲು ಪೂರ್ತಿ ತಡೆಯತ್ತೆ, ಬೆಳಗಿನ ಬಿಸಿಲು ಸಿಗತ್ತೆ, ಗಾಳಿನೂ ಆಡತ್ತೆ. ಎಂಟು ಹತ್ತು ದಿನಕ್ಕೆ ತೆಗೆದುಬಿಡಿ.

ಬುಡಕ್ಕೆ ದರಗು (ಒಣಗಿ ಉದುರಿದ ಎಲೆ) ಹೊದೆಸಿದ್ರೆ ನೀರು ಬಹಳ ಉಳಿಯತ್ತೆ, ಆದ್ರೆ ಕಾಡಿಗೆ ಹೋಗಿ ದರಗು ಗುಡಿಸಿ ತರೋರು ಹುಷಾರು. ಈ ತಿಂಗಳುಗಳೇ ಮಂಗನ ಕಾಯಿಲೆ ಹರಡೋ ಉಣುಗಿನ ಕಾಲ. ಈ ಕಾಯಿಲೆ ಮೊದಲು ಪತ್ತೆ ಆಗಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ, 1957ರಲ್ಲಿ, ಇವತ್ತಿಗೂ ಜನ ಸಾಯ್ತಿದ್ದಾರೆ. ಉಣುಗು ಹತ್ತದ ಹಂಗೆ ಆರೋಗ್ಯ ಕೇಂದ್ರದಲ್ಲಿ ಕೊಡೋ ಡೆಪಾ ಎಣ್ಣೆ ಕೈಕಾಲಿಗೆ ಹಚ್ಕೊಂಡು ಹೋಗಿ, ಬಂದ ಕೂಡ್ಲೆ ಬಟ್ಟೆ ಬಿಸಿನೀರಿಗೆ ಹಾಕಿ ಸ್ನಾನ ಮಾಡಿ. ಟೊಮೆಟೊ ಹೊದಿಕೆಗೆ ಅಂಗಳದ ಹುಲ್ಲು, ಒಣ ಸೋಗೆ ತುಂಡೇ ಸಾಕಾಗತ್ತೆ.

ದಿನ ಸರಿ ಇದ್ದೂ ಗಿಡ ಸತ್ರೆ

ಎಲೆ ಹಸಿರಿದ್ದ ಹಂಗೇ ಗಿಡ ಒಂದೇ ದಿನಕ್ಕೆ ಜೋತು ಬಿದ್ರೆ ನೀರು ಕಮ್ಮಿ ಅಂತ ಅಂದ್ಕೊಳ್ಬೇಡಿ, ಅದು ಸೊರಗು ರೋಗ ಇರಬಹುದು. ಬುಡದ ಕಾಂಡ ಅಡ್ಡ ಕತ್ತರಿಸಿ ಗಾಜಿನ ಲೋಟದ ನೀರಲ್ಲಿ ನಿಲ್ಲಿಸಿ, ಸ್ವಲ್ಪ ಹೊತ್ತಲ್ಲಿ ಹಾಲಿನ ಎಳೆ ಹಂಗೆ ಇಳಿದ್ರೆ ಅದೇ. ನಮ್ಮ ಕೆಂಪು ಹುಳಿ ಮಣ್ಣು, ತೇವ, ಸೆಖೆ ಮೂರೂ ಅದಕ್ಕೆ ಹಬ್ಬ. ಆ ಜಾಗದಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು ಯಾವ್ದೂ ಬೇಡ, ಬೆಂಡೆ ಅಲಸಂದೆ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಟೊಮೆಟೊ ಈ ಸೊರಗು, ಎಲೆ ಮುಟುರು, ಎಲೆ ಚುಕ್ಕೆ ಮೂರನ್ನೂ ತಡೆಯೋ ತಳಿ, ನಮ್ಮ ಹಿತ್ತಲಿಗೆ ಅದು ಬಂದ ಮೇಲೆ ಸಾಯೋದು ಬಹಳ ಕಮ್ಮಿ ಆಯ್ತು. ಹೈಬ್ರಿಡ್ ಆಗಿರೋದ್ರಿಂದ ಹಣ್ಣಿನ ಬೀಜ ಎತ್ತಿಟ್ಟು ಮುಂದಿನ ವರ್ಷ ಹಾಕಿದ್ರೆ ಅದೇ ಗುಣ ಬರಲ್ಲ, ಬೀಜ ಹೊಸದಾಗೇ ತರ್ಬೇಕು. ನೆಡೋಕೆ ಮೂರು ವಾರ ಮುಂಚೆ ಮಡಿಗೆ ಸುಣ್ಣ ಹಾಕಿ ಬೆರೆಸಿದ್ರೆ ಹುಳಿ ಸ್ವಲ್ಪ ಇಳಿಯತ್ತೆ. ಎಷ್ಟು ಹಾಕ್ಬೇಕು ಅಂತ ಮಣ್ಣು ಪರೀಕ್ಷೆ ಮಾಡಿಸ್ಕೊಂಡೇ ಹಾಕಿ, ಅಂದಾಜಲ್ಲಿ ಬೇಡ.

ಮಂಗ, ನವಿಲಿನ ಕಾಟಕ್ಕೆ ತಿಂಗಳ ಲೆಕ್ಕ ಇಲ್ಲ, ಬಲೆ ಕಟ್ಟೋದು ಬಿಟ್ರೆ ಬೇರೆ ದಾರಿ ನನಗೆ ಸಿಕ್ಕಿಲ್ಲ, ಮೆಣಸು ಒಂದನ್ನ ಸ್ವಲ್ಪ ಕಮ್ಮಿ ಮುಟ್ಟತ್ತೆ.

ಕೊನೇದಾಗಿ ಒಂದು, ನೆಟ್ಟ ದಿನವೇ ಟ್ರೇ ಖಾಲಿ ಮಾಡ್ಬೇಡಿ. ಹತ್ತು ಗಿಡಕ್ಕೆ ಒಂದೆರಡರ ಹಂಗೆ ಸಸಿ ಉಳಿಸ್ಕೊಂಡಿರಿ, ಮೊದಲ ವಾರ ಬಸವನ ಹುಳ, ಹುಳು ತಿಂದು ಒಂದೆರಡು ಹೋಗೇ ಹೋಗತ್ತೆ, ಅಲ್ಲಿಗೆ ಅದೇ ವಯಸ್ಸಿನ ಸಸಿ ಇಡಬಹುದು. ಎರಡು ವಾರ ಆದ್ಮೇಲೂ ಮಿಕ್ಕಿದ್ರೆ ಪಕ್ಕದ ಮನೆಗೆ ಕೊಟ್ಬಿಡಿ, ಟ್ರೇನಲ್ಲಿ ಹೂ ಬಿಡೋದ್ರೊಳಗೆ.